ಯುಕ್ಕಾ ಗಿಡದ ಮೊಟ್ಟೆಗಳು

ನಾನು ಮೊಟ್ಟೆ ಒಡೆಯುವುದನ್ನು ನೋಡಿ ನಗದೆ ಇದ್ದವರು ಕಡಿಮೆ. ಎಲ್ಲರೂ ಮೊಟ್ಟೆಯನ್ನು ಬಾಣಲೆಯ ಅಂಚಿಗೆ ಕುಟ್ಟಿ, ಎರಡು ಹೋಳು ಮಾಡಿ, ಚಿಪ್ಪನ್ನು ಎಸೆದುಬಿಡುತ್ತಾರೆ. ನಾನು ಮಾತ್ರ ದಬ್ಬಣದ ಮೊನೆಯಿಂದ ಅದರ ಅಗಲವಾದ ತುದಿಯಲ್ಲಿ ಒಂದು ತೂತು ಕೊರೆದು, ಅದನ್ನು ಕಿರುಬೆರಳು ಹಿಡಿಸುವಷ್ಟು ಹಿಗ್ಗಿಸಿ, ಒಳಗಿನದನ್ನು ಬಟ್ಟಲಿಗೆ ಇಳಿಸಿಕೊಂಡು, ಚಿಪ್ಪನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಬೋರಲು ಹಾಕುತ್ತೇನೆ. ಕೆ.ಆರ್. ನಗರದಿಂದ ಬಂದಾಗಲೆಲ್ಲ ನನ್ನ ತಂಗಿ ಖಾಲಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತು, "ಅಕ್ಕ, ನೀನು ಆಮ್ಲೆಟ್ ಮಾಡ್ತಿದ್ದೀಯೋ, ಆಪರೇಷನ್ ಮಾಡ್ತಿದ್ದೀಯೋ?" ಎಂದು ಕೇಳುತ್ತಾಳೆ.

ಈ ಅಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅರವತ್ತು ದಾಟಿದ ಮೇಲೆ ಕಲಿತದ್ದು. ಕಲಿಸಿದ್ದು ನಮ್ಮ ಮನೆಯ ಗೇಟಿನ ಎರಡೂ ಬದಿಗೆ ನಿಂತಿರುವ ಯುಕ್ಕಾ ಗಿಡಗಳು ಎಂದು ಬರೆಯಲು ಹೊರಟೆ. ಆದರೆ ಆ ಹಿರಿಮೆಯನ್ನು ಗಿಡಗಳಿಗೆ ಕೊಡುವುದು ಅನ್ಯಾಯ. ಕಲಿಸಿದವರು ಚಿಕ್ಕತಾಯಮ್ಮನವರು. ಅನ್ಯಾಯವನ್ನು ಅದರ ಹೆಸರು ಹಿಡಿದೇ ಕರೆಯಬೇಕು ಎಂದು ಕಾಲೇಜು ದಿನಗಳ ಅಧ್ಯಯನ ಶಿಬಿರಗಳಲ್ಲಿ ಕಲಿತವಳು ನಾನು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ, ಸಂಜೆಗಳಲ್ಲಿ ಅರ್ಜಿ ಬರೆಯುತ್ತ, ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಈ ಬರಹದಲ್ಲೂ ಅದನ್ನು ಬಿಡುವುದಿಲ್ಲ, ಇಲ್ಲಿ ಬರುವ ಅನ್ಯಾಯಗಳಲ್ಲಿ ಕೆಲವು ನನ್ನವೇ ಆಗಿದ್ದರೂ.

ಯುಕ್ಕಾವನ್ನು ನೀವು ನೋಡಿರುತ್ತೀರಿ, ಹೆಸರು ತಿಳಿಯದಿರಬಹುದು. ಪೆಟ್ರೋಲ್ ಬಂಕುಗಳ ಮುಂದೆ, ಸರ್ಕಾರಿ ಕಚೇರಿಗಳ ಅಂಗಳದಲ್ಲಿ, ಯಾರೂ ನೀರು ಹಾಕದ ಕಡೆ, ಕತ್ತಿಗಳನ್ನು ಗೊಂಚಲು ಕಟ್ಟಿ ನೆಟ್ಟ ಹಾಗೆ ನಿಂತಿರುತ್ತದೆ. ಪ್ರತಿ ಎಲೆಯ ತುದಿಯೂ ಒಂದು ಮುಳ್ಳು. ನಮ್ಮ ಕಡೆಯವರ ಲೆಕ್ಕದಲ್ಲಿ ಅದೂ ಕತ್ತಾಳೆಯೇ. ನಿವೃತ್ತಳಾಗಿ ಹುಣಸೂರಿನಲ್ಲಿ ಮನೆ ಕಟ್ಟಿಸಿದಾಗ ಮಳೆ ಕೈಕೊಟ್ಟರೂ ಸಾಯದ ಗಿಡವೇ ಬೇಕೆಂದು ಹುಡುಕಿದೆ. ಬೋರ್‌ವೆಲ್ ನೀರನ್ನು ಹುಲ್ಲುಹಾಸಿಗೆ ಸುರಿಯುವುದು ಅನ್ಯಾಯ ಎಂದು ಬಡಾವಣೆಯ ಸಭೆಯಲ್ಲಿ ಭಾಷಣ ಮಾಡಿದವಳು ನಾನೇ ಆದ್ದರಿಂದ ನನಗೆ ಬೇರೆ ದಾರಿಯೂ ಇರಲಿಲ್ಲ. ಬೈಲಕುಪ್ಪೆಗೆ ಹೋಗುವ ರಸ್ತೆಯ ಬದಿಯಲ್ಲಿ ಸಸಿ ಮಾರುವ ಟಿಬೆಟನ್ ಯಜಮಾನರೊಬ್ಬರು ಈ ಗಿಡವನ್ನು ಕೈಗಿತ್ತು, "ಬಿಸಿಲಲ್ಲಿಡಿ ಮೇಡಂ, ಆಮೇಲೆ ಮರೆತುಬಿಡಿ" ಎಂದರು.

ಮರೆಯುವುದು ನನಗೆ ಬಾರದ ವಿದ್ಯೆ. ಬೆಳಿಗ್ಗೆ ಎದ್ದು ಒಂದು ಬಿಂದಿಗೆ ನೀರು ಹಾಕಿದೆ, ವಾರಕ್ಕೊಮ್ಮೆ ಗೊಬ್ಬರ ಹಾಕಿದೆ, ಬುಡ ಕೆದಕಿದೆ, ಬೇಸರವಾದಾಗ ಎಲೆಗಳನ್ನು ಒರೆಸಿದೆ. ಎರಡು ತಿಂಗಳಿಗೆ ಕಾಂಡ ಮೆತ್ತಗಾಗಿ, ಕೊಳೆತ ವಾಸನೆ ಬಂದು, ಒಂದು ದಿನ ಗಿಡ ಕೈಗೇ ಕಿತ್ತು ಬಂತು. ಮರುಭೂಮಿಯಲ್ಲಿ ಬದುಕುವ ಗಿಡವನ್ನು ಆರೈಕೆ ಮಾಡಿ ಕೊಂದವಳು ಹುಣಸೂರು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮತ್ತೆ ಬೈಲಕುಪ್ಪೆಗೆ ಹೋದೆ. ಯಜಮಾನರು ಸದ್ದಿಲ್ಲದೆ ನಕ್ಕು, ಈ ಸಲ ಎರಡು ಕೊಟ್ಟರು. ಮಣ್ಣಿಗೆ ಮರಳನ್ನೂ ಇಟ್ಟಿಗೆ ಚೂರನ್ನೂ ಬೆರೆಸಿ, ನೀರು ನಿಲ್ಲದ ಹಾಗೆ ಪಾತಿಯನ್ನು ಎತ್ತರಿಸಿ, ಗೇಟಿನ ಎಡಕ್ಕೊಂದು ಬಲಕ್ಕೊಂದು ನೆಟ್ಟೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರು, ಮಳೆಗಾಲದಲ್ಲಿ ಅದೂ ಇಲ್ಲ. ಕೆಳಗಿನ ಒಣಗಿದ ಎಲೆಗಳನ್ನು ತೆಗೆಯುವುದನ್ನು ಬಿಟ್ಟರೆ ಕೈಕಟ್ಟಿ ನಿಲ್ಲುವುದೇ ಅದರ ಆರೈಕೆ. ಹೋರಾಟದಲ್ಲಿ ಬೆಳೆದವಳಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ.

ಗಿಡಗಳು ಭುಜದೆತ್ತರ ಬೆಳೆದವು. ಒಂದು ವರ್ಷ ನಡುವಿನಿಂದ ಉದ್ದನೆಯ ದಂಟೊಂದು ಎದ್ದು, ಬಿಳಿ ಗಂಟೆಗಳ ಹಾಗೆ ಹೂವು ತೂಗಿದಾಗ ನಾನು ಹಿಗ್ಗಿದೆ. ಹಾಲಿನ ಜವರಪ್ಪ ಮಾತ್ರ ಸೈಕಲ್ ನಿಲ್ಲಿಸಿ, ಸಾವಿನ ಮನೆಗೆ ಬಂದವನ ಹಾಗೆ ದನಿ ತಗ್ಗಿಸಿ, "ಊ ಬುಡ್ತು ಅಂದ್ರೆ ಮುಗೀತು ಕಣ್ರೀ ಮೇಡಂ, ಇನ್ನ ಒಣಗೋಯ್ತದೆ" ಎಂದ. ಕತ್ತಾಳೆಯ ವಿಷಯದಲ್ಲಿ ಅದು ನಿಜ. ಜೀವಮಾನಕ್ಕೆ ಒಂದೇ ಸಲ ಹೂ ಬಿಟ್ಟು ಅದು ಸಾಯುತ್ತದೆ. ಯುಕ್ಕಾ ಹಾಗಲ್ಲ ಎಂದು ನಾನು ಎಷ್ಟು ವಿವರಿಸಿದರೂ ಜವರಪ್ಪ ಒಂದು ತಿಂಗಳು ಹಾಲಿನ ಜೊತೆ ಸಂತಾಪವನ್ನೂ ತಂದ. ಗಿಡ ಸಾಯಲಿಲ್ಲ. ಜವರಪ್ಪ ನಂಬಲೂ ಇಲ್ಲ.

ಕತ್ತಾಳೆ ಎಂದ ಮೇಲೆ ನಮ್ಮ ಊರಿನ ಬೇಲಿಯ ವಿಷಯ ಹೇಳಲೇಬೇಕು. ಗಾವಡಗೆರೆಗೆ ಹತ್ತಿರದ ಹಳ್ಳಿ. ನಮ್ಮದು ಹೊಲ ಗದ್ದೆ ಇದ್ದ ಒಕ್ಕಲು ಮನೆ. ಹಿತ್ತಲಿನ ಉದ್ದಕ್ಕೂ ಕತ್ತಾಳೆ ಬೇಲಿ ಇತ್ತು. ಮಕ್ಕಳಾದ ನಮಗೆ ಅದು ಸ್ಲೇಟು. ದಪ್ಪ ಎಲೆಯ ಮೇಲೆ ಮುಳ್ಳಿನಿಂದ ಹೆಸರು ಕೊರೆದರೆ ಮೊದಲು ನೀರು ಜಿನುಗುತ್ತಿತ್ತು, ಮಾರನೆಯ ದಿನ ಅಕ್ಷರಗಳು ಕಂದು ಬಣ್ಣಕ್ಕೆ ತಿರುಗಿ ವರ್ಷಗಟ್ಟಲೆ ಉಳಿಯುತ್ತಿದ್ದವು. ಎಲೆಗಳನ್ನು ಕೊಯ್ದು, ಕೆರೆಯಲ್ಲಿ ಕೊಳೆಹಾಕಿ, ಜಜ್ಜಿ ನಾರು ತೆಗೆಯುತ್ತಿದ್ದವರು ದಲಿತರ ಕೇರಿಯ ಹೆಂಗಸರು. ಆ ರಸ ತಾಗಿದ ಕೈ ಮೊಣಕೈಯವರೆಗೆ ತುರಿಸುತ್ತದೆ. ಆ ನಾರಿನ ಹಗ್ಗ ನಮ್ಮ ಕೊಟ್ಟಿಗೆಗೆ ಬರುತ್ತಿತ್ತು. ಅವರ ಕೈಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರಾದರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ಬೇಲಿಗೂ ಕೊಟ್ಟಿಗೆಯ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟು ಓಣಿ ಇತ್ತು. ಕೇರಿಯವರು ನಮ್ಮ ಮನೆಗೆ ಬರುವುದಿದ್ದರೆ ಆ ಓಣಿಯಿಂದಲೇ ಬರಬೇಕು, ಮುಂದಿನ ಬೀದಿಯಿಂದ ಬರುವ ಹಾಗಿಲ್ಲ. ಮನೆಯಲ್ಲಿ ಇದನ್ನು ಪದ್ಧತಿ ಎನ್ನುತ್ತಿದ್ದರು. ಇದರ ಹೆಸರು ಅಸ್ಪೃಶ್ಯತೆ.

ಆ ಕೇರಿಯ ಚಿಕ್ಕತಾಯಮ್ಮನವರಿಗೆ ಆಗ ಇಪ್ಪತ್ತು ದಾಟಿತ್ತು. ಹೊಗೆಸೊಪ್ಪಿನ ಕಾಲದಲ್ಲಿ ಎಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸಕ್ಕೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಹೊಲದ ಬದುಗಳಲ್ಲಿ ಸೊಪ್ಪು ಕಿತ್ತು ಮಡಿಲಲ್ಲಿ ತುಂಬಿಕೊಂಡು ತಂದುಕೊಡುತ್ತಿದ್ದರು. ಒಂಬತ್ತು ವರ್ಷದ ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಅದನ್ನೂ ಇಲ್ಲಿ ಸೇರಿಸಿಕೊಳ್ಳಿ.

ರಾತ್ರಿಯೆಲ್ಲ ಮಳೆ ಸುರಿದ ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ಏಳರ ಮಗ್ಗಿ ಬರೆಯುತ್ತಿದ್ದೆ. ಹಿಂದಿನ ಓಣಿ ಕೆಸರಾಗಿತ್ತೆಂದು ಕಾಣುತ್ತದೆ, ಚಿಕ್ಕತಾಯಮ್ಮ ಮಡಿಲ ತುಂಬ ಅಣ್ಣೆ ಸೊಪ್ಪು ಹೊತ್ತು ಮುಂದಿನ ಬೀದಿಯಲ್ಲೇ ಬಂದರು. ದೊಡ್ಡವರು ಯಾರೂ ಹೊರಗಿರಲಿಲ್ಲ. ನಾನು ತಲೆ ಎತ್ತಿ, ನನ್ನ ಅಜ್ಜಿಯ ದನಿಯನ್ನೇ ತೆಗೆದು, "ಈ ಕಡೆಯಿಂದಲ್ಲ, ಹಿಂದ್ಗಡೆಯಿಂದ ಬಾ" ಎಂದೆ. ಅವರು ತಿರುಗಿ ಹೋದರು. ಮಗ್ಗಿ ಮುಗಿಯುವ ಮೊದಲೇ ಹಿತ್ತಲಿನಿಂದ ಚೀರಾಟ ಕೇಳಿತು. ಕೆಸರಿನಲ್ಲಿ ಕಾಲು ಜಾರಿ, ಓಣಿಗೆ ಚಾಚಿಕೊಂಡಿದ್ದ ಕತ್ತಾಳೆಯ ಮೇಲೆ ಬಿದ್ದಿದ್ದರು. ಎಲೆಯ ಮುಳ್ಳು ಎಡಗಣ್ಣಿಗೆ ನಾಟಿತ್ತು.

ನೋಡಿಕೊಂಡು ನಡೆಯಬೇಕಿತ್ತು ಎಂದರು ನಮ್ಮ ಮನೆಯವರು. ಕಣ್ಣಿಗೆ ಹರಳೆಣ್ಣೆ ಬಿಟ್ಟರು. ಗಾಡಿ ಕಟ್ಟಿ ಹುಣಸೂರಿನ ಆಸ್ಪತ್ರೆಗೆ ಕಳಿಸಿದ್ದು ಮೂರನೆಯ ದಿನ. ಅಷ್ಟು ಹೊತ್ತಿಗೆ ಕಣ್ಣು ಹೋಗಿತ್ತು. ಅದಾದ ಮೇಲೂ ಆ ಎಲೆಯ ತುದಿಯನ್ನು ಯಾರೂ ಕತ್ತರಿಸಲಿಲ್ಲ, ಓಣಿಯನ್ನು ಯಾರೂ ಬದಲಿಸಲಿಲ್ಲ. ನಾನು ಹೇಳಿದ ಮಾತನ್ನು ನಾನೂ ಯಾರಿಗೂ ಹೇಳಲಿಲ್ಲ. ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ಎಷ್ಟೋ ಅನ್ಯಾಯಗಳನ್ನು ಎತ್ತಿ ಹೇಳಿದೆ. ಇದೊಂದನ್ನು ಬಿಟ್ಟು.

ಅವರನ್ನು ಮತ್ತೆ ಕಂಡದ್ದು ಹುಣಸೂರಿನಲ್ಲಿ, ಚರಂಡಿ ದುರಸ್ತಿಯ ಅರ್ಜಿಗೆ ಸಹಿ ಹಾಕಿಸಲು ಮನೆಮನೆ ತಿರುಗುವಾಗ. ನಮ್ಮ ಹಿಂದಿನ ಬೀದಿಯ ಒಂದು ಮನೆಯ ಹೊಸ್ತಿಲಲ್ಲಿ ವಯಸ್ಸಾದವರೊಬ್ಬರು ಸೊಪ್ಪು ಬಿಡಿಸುತ್ತ ಕೂತಿದ್ದರು. ಮುಚ್ಚಿದ ಎಡಗಣ್ಣು ನೋಡಿ ನನ್ನ ಕಾಲು ಅಲ್ಲೇ ನಿಂತಿತು. ಅಂಗನವಾಡಿಯಲ್ಲಿ ಕೆಲಸ ಮಾಡುವ ಮಗಳು ಮಂಗಳಾಳ ಜೊತೆ ಇದ್ದಾರೆಂದು ತಿಳಿಯಿತು. ನಾನು ಯಾರ ಮಗಳೆಂದು ಹೇಳಿದಾಗ ಗುರುತು ಹಿಡಿದು ಮುಖ ಅರಳಿಸಿದರು. ಮಂಗಳಾ ಅರ್ಜಿಯನ್ನು ಓದಿ ಹೇಳಿದ ಮೇಲೆ ಚಿಕ್ಕತಾಯಮ್ಮ, "ಇದು ನಿಮ್ ಬೀದಿ ಚರಂಡಿನೋ, ನಮ್ ಬೀದೀದೋ?" ಎಂದು ಕೇಳಿದರು. ನಾನು ನಮ್ಮ ಬೀದಿಯದನ್ನು ಮಾತ್ರ ಬರೆದಿದ್ದೆ. ಅಲ್ಲೇ ಹೊಸ್ತಿಲಲ್ಲಿ ಕೂತು ಇನ್ನೊಂದು ಸಾಲು ಸೇರಿಸಿದೆ. ಆಮೇಲೆ ಅವರು ಒಂದೊಂದೇ ಅಕ್ಷರ ಜೋಡಿಸಿ ಹೆಸರು ಬರೆದರು.

ಅಂದಿನಿಂದ ಪ್ರತಿ ಬುಧವಾರ ನಮ್ಮ ಮನೆಗೆ ಬೆರಕೆ ಸೊಪ್ಪು ಬರತೊಡಗಿತು. ಬಂದದ್ದು ಹಿತ್ತಲಿನ ಸಣ್ಣ ಗೇಟಿನಿಂದ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವರು ನಿಂತು ಕರೆದಾಗ ಕೆನ್ನೆಗೆ ಹೊಡೆದಂತಾಯಿತು. ನಾನು ಕಟ್ಟಿಸಿದ ಮನೆಗೂ ಅವರು ಹಿಂದಿನಿಂದಲೇ ಬರಬೇಕೆ? ಮುಂದಿನ ಬಾಗಿಲಿನಿಂದ ಬನ್ನಿ ಎಂದೆ. "ಆಯ್ತು ಬುಡಿ ಟೀಚರಮ್ಮ" ಎಂದರು. ಮುಂದಿನ ಬುಧವಾರವೂ ಒಗೆಯುವ ಕಲ್ಲಿನ ಪಕ್ಕದಲ್ಲೇ ಇದ್ದರು. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ ಹದಿನೇಳನೆಯ ವಿಧಿಯನ್ನು ವಿವರಿಸಿದೆ. ಅದರ ಮುಂದಿನ ವಾರ, ಮನಸ್ಸಿನೊಳಗೆ ಉಳಿದಿರುವ ಬೇಲಿಯನ್ನು ನಾವೇ ಕಿತ್ತುಹಾಕಬೇಕು ಎಂದು ಹತ್ತು ನಿಮಿಷ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸೊಪ್ಪು ಬಾಡ್ತದೆ, ತಕ್ಕಳಿ" ಎಂದರು.

ಆಗ ನಾನೊಂದು ದೃಢ ನಿರ್ಧಾರ ಮಾಡಿದೆ. ನನ್ನ ದೃಢ ನಿರ್ಧಾರಗಳ ಬಗ್ಗೆ ನನ್ನ ತಂಗಿಗೆ ಮೊದಲಿನಿಂದಲೂ ಭಯ. ಹಿತ್ತಲಿನ ಗೇಟಿಗೆ ಬೀಗ ಹಾಕಿದೆ. ಬುಧವಾರ ಬೆಳಿಗ್ಗೆ ಮುಂದಿನ ಜಗಲಿಯಲ್ಲಿ ಎರಡು ಕುರ್ಚಿ ಹಾಕಿ, ಎರಡು ಲೋಟ ಕಾಫಿ ಮಾಡಿಟ್ಟುಕೊಂಡು, ಇತಿಹಾಸ ತಿರುಗುವುದನ್ನು ನೋಡಲು ಕೂತೆ. ಯಾರೂ ಬರಲಿಲ್ಲ. ಮಧ್ಯಾಹ್ನ ಹಿತ್ತಲಿಗೆ ಹೋದರೆ, ಬೀಗದ ಪಕ್ಕ ಸೊಪ್ಪಿನ ಚೀಲ ತೂಗುತ್ತಿತ್ತು, ಬಿಸಿಲಿಗೆ ಬಾಡಿ. ಮುಂದಿನ ವಾರವೂ ಹಾಗೆಯೇ. ಮೂರನೆಯ ವಾರ ಚೀಲವೂ ಇರಲಿಲ್ಲ.

ನಾನೇ ಹೋದೆ. ಚಿಕ್ಕತಾಯಮ್ಮ ಹೊಸ್ತಿಲಲ್ಲಿದ್ದರು, ಮಂಗಳಾ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವರು, "ಬೀಗ ಆಕ್ಬುಟ್ರಲ್ಲ ಟೀಚರಮ್ಮ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. ನೀವು ಮುಂದಿನಿಂದ ಬರಲಿ ಎಂದೇ ಹಾಗೆ ಮಾಡಿದೆ, ನಿಮ್ಮ ಗೌರವಕ್ಕಾಗಿ ಮಾಡಿದೆ, ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ನಿಮ್ ಮುಂದ್ಗಡೆ ಗೇಟ್ಗೆ ಎರಡು ಕಡೀಕೂ ಕತ್ತಾಳೆ ನಿಲ್ಸಿದ್ದೀರಿ. ನಂಗುಳ್ದಿರೋದು ಒಂದೇ ಕಣ್ಣು ಕಣವ್ವ. ಅದ್ಕೂ ಪೊರೆ ಬಂದದೆ."

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಆ ಗೇಟಿನ ಬಳಿ ನಾನು ದಿನವೂ ಓಡಾಡಿದ್ದೆ. ಆ ಗಿಡಗಳನ್ನು ನಾನೇ ಆರಿಸಿ, ನಾನೇ ನೆಟ್ಟು, ನಾನೇ ಹಿಗ್ಗಿದ್ದೆ. ಕತ್ತಾಳೆಯ ಮುಳ್ಳು ಯಾರ ಕಣ್ಣಿಗೆ ನಾಟಿತ್ತೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅಂಥದ್ದೇ ಗಿಡಗಳನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ, ಹೆದರಿ ಸುತ್ತಿ ಬಂದವರಿಗೆ ಸಂವಿಧಾನ ಓದಿ ಹೇಳಿದ್ದೆ. ಚಿಕ್ಕವಳಾಗಿದ್ದಾಗ ಈ ಕಡೆಯಿಂದ ಬರಬೇಡ ಎಂದೆ. ಮುದುಕಿಯಾಗಿ ಆ ಕಡೆಯಿಂದ ಬರಬೇಡಿ ಎಂದು ಬೀಗ ಹಾಕಿದೆ. ಅವರ ದಾರಿಯನ್ನು ನಿರ್ಧರಿಸುವ ಕೆಲಸವನ್ನು ನಾನು ಎರಡೂ ಸಲ ನನ್ನ ಕೈಯಲ್ಲೇ ಇಟ್ಟುಕೊಂಡಿದ್ದೆ.

ಇಷ್ಟು ವರ್ಷ ಹೇಳದ ಮಾತನ್ನು ಆಗ ಹೇಳಿದೆ. ಆ ಮಳೆಯ ಬೆಳಿಗ್ಗೆ, ಜಗಲಿ, ಮಗ್ಗಿ, ಹಿಂದಿನಿಂದ ಬಾ ಎಂದು ತಿರುಗಿಸಿ ಕಳಿಸಿದವಳು ನಾನು ಎಂಬುದು. ಅವರು ಒಂದು ಸೊಪ್ಪಿನ ದಂಟನ್ನು ಮುರಿದು ಪಕ್ಕಕ್ಕಿಟ್ಟು ಯೋಚಿಸಿದರು.

"ನೀವಾ? ಗ್ಯಾಪಕ ಇಲ್ಲ ಕಣವ್ವ. ಎಲ್ರೂ ಅಂಗೇ ಅಂತಿದ್ರು."

ಇದನ್ನು ಕ್ಷಮೆ ಎಂದು ತಿಳಿಯುವಷ್ಟು ದಡ್ಡಿಯಲ್ಲ ನಾನು. ಒಡವೆಯ ಹಾಗೆ ಬಚ್ಚಿಟ್ಟುಕೊಂಡಿದ್ದ ನನ್ನ ಅಪರಾಧ ಅವರ ಬದುಕಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಒಂದು ಮಾತಷ್ಟೇ ಆಗಿತ್ತು. ಆ ಹತ್ತರಲ್ಲಿ ನನ್ನದು ಯಾವುದೆಂದು ಅವರಿಗೆ ಗೊತ್ತೂ ಇರಲಿಲ್ಲ.

ನಾಳೆಯೇ ಎರಡೂ ಗಿಡ ಕೀಳಿಸುತ್ತೇನೆ ಎಂದೆ. ನನ್ನ ದೃಢ ನಿರ್ಧಾರಗಳು ಹೀಗೆಯೇ, ಒಂದರ ಹಿಂದೆ ಒಂದು. ಚಿಕ್ಕತಾಯಮ್ಮ ಒಪ್ಪಲಿಲ್ಲ. "ಕಿತ್ರೂ ಬೇರಿಂದ ಮತ್ತೆ ಬತ್ತದೆ ಬುಡಿ. ಅದ್ರ ಮೂತಿ ಎಲ್ಲದೆ ಅಂತ ನಂಗೆ ಕಾಣ್ಬೇಕು, ಅಷ್ಟೇಯ" ಎಂದರು. ಆಗ ನನಗೆ ತಿಳಿಯಿತು: ನೇರ ನಮ್ಮತ್ತ ಚಾಚಿದ ಹಸಿರೆಲೆ ಎದುರಿನಿಂದ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಒಂದೇ ಕಣ್ಣಿಗೆ ಆ ಚುಕ್ಕೆ ಮಾರು ದೂರದಲ್ಲಿದೆಯೋ ಗೇಣು ದೂರದಲ್ಲಿದೆಯೋ ಗೊತ್ತಾಗುವುದಿಲ್ಲ. ತುದಿಗಳನ್ನು ಕತ್ತರಿಸಬಹುದಿತ್ತು, ಆದರೆ ಕತ್ತರಿಸಿದ ಎಲೆಯೂ ಒಣಗಿದ ಮೇಲೆ ಗಟ್ಟಿಯಾಗಿ ಚುಚ್ಚುತ್ತದೆ. ದಾರಿ ತೋರಿಸಿದ್ದು ಮಂಗಳಾ. ಹನಗೋಡಿನ ಒಂದು ಮನೆಯ ಮುಂದೆ ಇಂಥ ಗಿಡದ ಮುಳ್ಳು ಮುಳ್ಳಿಗೂ ಮೊಟ್ಟೆಯ ಚಿಪ್ಪು ಸಿಕ್ಕಿಸಿದ್ದನ್ನು ಅವಳು ನೋಡಿದ್ದಳಂತೆ. "ಬೆಳ್ಳಗಿರೋದಾದ್ರೆ ಕಾಣ್ತದೆ" ಎಂದರು ತಾಯಿ.

ದಾರಿಗೆ ತೀರ ಅಡ್ಡ ಬರುತ್ತಿದ್ದ ಎಲೆಗಳನ್ನು ಬುಡಕ್ಕೇ ಕೊಯ್ದು ತೆಗೆದೆ. ಉಳಿದವುಗಳಲ್ಲಿ ಗೇಟಿನ ಕಡೆ ಮುಖ ಮಾಡಿದ್ದವು ನಲವತ್ತಕ್ಕೂ ಮೇಲೆ. ನಮ್ಮ ಮನೆಯಲ್ಲಿ ವಾರಕ್ಕೆ ಖರ್ಚಾಗುವುದು ನಾಲ್ಕು ಮೊಟ್ಟೆ. ಬಡಾವಣೆಯಲ್ಲಿ ಅರ್ಜಿ ಹಿಡಿದು ತಿರುಗಿ ಅಭ್ಯಾಸವಿದ್ದ ಕಾಲುಗಳು ಈಗ ಚಿಪ್ಪು ಕೇಳಿಕೊಂಡು ತಿರುಗಿದವು. ಎಲ್ಲರೂ ನಡುವೆ ಒಡೆದದ್ದನ್ನೇ ಕೊಟ್ಟರು, ಒಂದೂ ಕೆಲಸಕ್ಕೆ ಬರಲಿಲ್ಲ. ಹತ್ತು ದಿನ ನಮ್ಮ ಮನೆಯಲ್ಲಿ ಮೂರು ಹೊತ್ತೂ ಮೊಟ್ಟೆಯ ಅಡುಗೆಯೇ ಆಯಿತು. ತಂಗಿಯನ್ನು ತಿನ್ನಲಿಕ್ಕೆಂದೇ ಕರೆಸಿಕೊಂಡೆ. ಗಿಡಕ್ಕೆ ಸಿಕ್ಕಿಸಿದ ಮೊದಲ ದಿನ ಕಾಗೆಗಳು ಬಂದು, ಕುಕ್ಕಿ, ಮೋಸಹೋಗಿ, ನನ್ನನ್ನು ಬೈದು ಹೋದವು.

ಕಾಗೆಗಳಾದರೂ ವಾಸಿ. ಜವರಪ್ಪ ಸೈಕಲ್ ನಿಲ್ಲಿಸಿ, ಗಿಡಗಳನ್ನು ಮೇಲಿಂದ ಕೆಳಗೆ ನೋಡಿ, "ದೃಷ್ಟಿಗಾ ಮೇಡಂ?" ಎಂದ. ಅಲ್ಲ, ಇದಕ್ಕೂ ದೃಷ್ಟಿಗೂ ಸಂಬಂಧವಿಲ್ಲ, ದೃಷ್ಟಿ ತಾಗುವುದು ಮೂಢನಂಬಿಕೆ, ಎಂದು ನಾನು ಹಾಲು ಕಾಯುವಷ್ಟು ಹೊತ್ತು ವಿವರಿಸಿದೆ. ಅವನು ಗೌರವದಿಂದ ತಲೆಯಾಡಿಸಿದ. ವಾರ ಕಳೆಯುವುದರೊಳಗೆ ನಮ್ಮ ಬೀದಿಯ ಎರಡು ಮನೆಗಳಲ್ಲಿ ಗುಲಾಬಿ ಗಿಡಕ್ಕೂ ಲೋಳೆಸರಕ್ಕೂ ಮೊಟ್ಟೆ ಚಿಪ್ಪು ಬಂದವು. ಅಷ್ಟು ಓದಿದ ಮೇಡಮ್ಮೇ ಕಟ್ಟಿದ್ದಾರೆ ಎಂಬುದು ಅವರ ಸಮರ್ಥನೆ. ಮೂಢನಂಬಿಕೆಯ ವಿರುದ್ಧ ಜೀವನವಿಡೀ ಹೋರಾಡಿ ಕೊನೆಗೆ ಒಂದನ್ನು ಸ್ಥಾಪಿಸಿದೆ. ಮನೆಮನೆಗೆ ಹೋಗಿ ತಿದ್ದುವ ಕೆಲಸ ಇನ್ನೂ ನಡೆಯುತ್ತಿದೆ, ನಿಲ್ಲಿಸುವುದಿಲ್ಲ.

ಎಲ್ಲ ತುದಿಗಳಿಗೂ ಚಿಪ್ಪು ತೊಡಿಸಿ ಮುಗಿಸಿದ ಮೇಲಿನ ಬುಧವಾರ ನಾನು ಹಿತ್ತಲಿನ ಬೀಗ ತೆಗೆದೆ. ಎರಡೂ ಗೇಟುಗಳ ಚಿಲಕ ಸರಿಸಿಟ್ಟೆ. ಜಗಲಿಯಲ್ಲಿ ಕುರ್ಚಿ ಹಾಕಲಿಲ್ಲ, ಯಾರಿಗೂ ಏನೂ ಹೇಳಿ ಕಳಿಸಲಿಲ್ಲ. ಒಳಗೆ ಕೂತು ಪತ್ರಿಕೆಯ ಒಂದೇ ಪುಟವನ್ನು ಓದುತ್ತಿದ್ದೆ. ಕೈಕಟ್ಟಿ ಕೂರುವುದನ್ನು ಯುಕ್ಕಾ ನನಗೆ ಕಲಿಸಿತ್ತಲ್ಲ, ಆ ಪಾಠವನ್ನೆಲ್ಲ ಅಂದು ಖರ್ಚು ಮಾಡಿದೆ.

ಹತ್ತು ಗಂಟೆಯ ಹೊತ್ತಿಗೆ ಮುಂದಿನ ಗೇಟು ಕಿರುಗುಟ್ಟಿತು. ಕಿಟಕಿಯಿಂದ ನೋಡಿದೆ. ಚಿಕ್ಕತಾಯಮ್ಮ ಒಂದು ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, ಇನ್ನೊಂದು ಕೈಯನ್ನು ಮುಂದೆ ಚಾಚಿ, ಸಾಲಿನಲ್ಲಿ ನಿಂತ ಮಕ್ಕಳ ತಲೆ ಸವರುವಂತೆ ಒಂದೊಂದೇ ಚಿಪ್ಪನ್ನು ಮುಟ್ಟುತ್ತ ಬರುತ್ತಿದ್ದರು. ನಡುದಾರಿಯಲ್ಲಿ ತಟ್ಟನೆ ನಿಂತರು. ತಿರುಗಿ ಹೋಗುತ್ತಾರೆ ಎಂದುಕೊಂಡೆ.

"ಟೀಚರಮ್ಮ, ಇಲ್ಲೊಂದು ಬುಟ್ಬುಟ್ಟಿದ್ದೀರಿ."

ಹೊರಗೆ ಓಡಿದೆ. ನಡುವಿನಿಂದ ಹೊಸ ಎಲೆಯೊಂದು ಈ ಕೆಲವು ದಿನಗಳಲ್ಲೇ ಉದ್ದವಾಗಿ ಹೊರಗೆ ಬಾಗಿತ್ತು, ಬರಿ ಮೊನೆ. ಅವರು ಅದರ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಗಟ್ಟಿಯಾಗಿ ಹಿಡಿದು ಮುಚ್ಚಿಕೊಂಡಿದ್ದರು. "ನಾನ್ ಇಡ್ಕಂಡಿವ್ನಿ, ನೀವ್ ಓಗಿ ತಕ್ಕಂಡ್ ಬನ್ನಿ" ಎಂದರು.

ಕಿಟಕಿಯಲ್ಲಿ ಒಂದು ಚಿಪ್ಪೂ ಉಳಿದಿರಲಿಲ್ಲ. ಅಡುಗೆಮನೆಯಲ್ಲಿ ಅವಸರದಿಂದ ದಬ್ಬಣ ಒತ್ತಿದ್ದಕ್ಕೆ ಎರಡು ಮೊಟ್ಟೆ ಒಡೆದುಹೋದವು. ಮೂರನೆಯದು ಸರಿಯಾಗಿ ಬಂತು. ತೊಳೆದು, ನೀರು ಸೋರುತ್ತಿದ್ದ ಹಾಗೆಯೇ ತಂದೆ. ಅಷ್ಟು ಹೊತ್ತೂ ಅವರು ಬೆರಳು ಸಡಿಲಿಸದೆ ಬಿಸಿಲಲ್ಲಿ ನಿಂತಿದ್ದರು. ಚಿಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮುಳ್ಳಿಗೆ ತೊಡಿಸಿ, ಮೇಲೊಂದು ಸಲ ತಟ್ಟಿ ನೋಡಿ, ಜಗಲಿಗೆ ನಡೆದು ಬಂದು ಕೂತರು.

ಈಗ ಅವರು ಕೆಲವು ಬುಧವಾರ ಮುಂದಿನಿಂದ ಬರುತ್ತಾರೆ, ಕೆಲವು ಬುಧವಾರ ಹಿತ್ತಲಿನಿಂದ. ಹಿತ್ತಲ ದಾರಿಯಲ್ಲಿ ನೆರಳಿದೆ. ನಾನು ಏನೂ ಕೇಳುವುದಿಲ್ಲ. ಯುಕ್ಕಾ ಗಟ್ಟಿ ಗಿಡ, ಬೇಸಿಗೆಯಲ್ಲೂ ಹೊಸ ಎಲೆ ಬಿಡುತ್ತಲೇ ಇರುತ್ತದೆ. ಅದಕ್ಕೇ ದಬ್ಬಣ, ಅದಕ್ಕೇ ಈ ಆಪರೇಷನ್ನು, ಅದಕ್ಕೇ ತಂಗಿಯ ಹಸಿವನ್ನು ಇನ್ನೂ ಸ್ವಲ್ಪ ಹೊತ್ತು ಕಾಯಿಸುತ್ತೇನೆ. ನಮ್ಮ ಕಿಟಕಿಯಲ್ಲಿ ಒಂದು ಚಿಪ್ಪಾದರೂ ಯಾವಾಗಲೂ ಒಣಗಿ ಸಿದ್ಧವಾಗಿರಬೇಕು. ಚಿಕ್ಕತಾಯಮ್ಮನವರು ಮುಳ್ಳು ಹಿಡಿದು ನಿಂತಿರುವಾಗ ಅವರನ್ನು ನಾನು ಇನ್ನು ಕಾಯಿಸುವುದಿಲ್ಲ.